ಶುಕ್ರವಾರದ ಕಂತು

ಬೆಳಿಗ್ಗೆ ಬಾಗಿಲು ತೆಗೆದಾಗ ಹಿಡಿಗೆ ನೇತುಹಾಕಿದ್ದ ಚೀಲದಲ್ಲಿ ಹಾಲಿನ ಪ್ಯಾಕೆಟ್ಟು ಎರಡಿದ್ದವು. ಹದಿಮೂರು ದಿನ ಮನೆ ತುಂಬ ಜನ. ನಾಲ್ಕು, ಆರು, ಒಂದು ದಿನ ಎಂಟು ಪ್ಯಾಕೆಟ್ಟು ಬಂದಿದ್ದವು. ಹಾಲಿನವನಿಗೆ ಯಾರು ಹೇಳುತ್ತಿದ್ದರೋ ಯಾರು ದುಡ್ಡು ಕೊಡುತ್ತಿದ್ದರೋ ಶರ್ವಾಣಿಗೆ ತಿಳಿಯದು. ನಿನ್ನೆ ಜಯನಗರದ ಮಠದಲ್ಲಿ ಭಾರ್ಗವನ ವೈಕುಂಠ ಸಮಾರಾಧನೆ ಮುಗಿಯಿತು. ಅವನ ಅಣ್ಣ ಅತ್ತಿಗೆ ಸಂಜೆಯ ಬಸ್ಸು ಹಿಡಿದರು. ಅಪ್ಪನಿಗೆ ಶುಕ್ರವಾರ ಡಯಾಲಿಸಿಸ್ ಇರುವುದರಿಂದ ಅಮ್ಮ ಹನುಮಂತನಗರಕ್ಕೆ ಹೋದಳು, ಶನಿವಾರ ಬರುತ್ತೇನೆಂದು ಮೂರು ಸಲ ಹೇಳಿ. ಹತ್ತನೆಯ ದಿನಕ್ಕೆ, ಹನ್ನೊಂದಕ್ಕೆ, ಹನ್ನೆರಡಕ್ಕೆ, ಹದಿಮೂರಕ್ಕೆ ಒಂದೊಂದು ಹೆಸರಿತ್ತು, ಒಂದೊಂದು ಕೆಲಸವಿತ್ತು. ಹದಿನಾಲ್ಕಕ್ಕೆ ಏನೂ ಇಲ್ಲ. ಹಾಲಿನವನು ಹಳೆಯ ಲೆಕ್ಕಕ್ಕೆ ಮರಳಿದ್ದ: ಮೇಲಿನ ಮನೆ, ಇಬ್ಬರು, ಅರ್ಧ ಲೀಟರಿನವು ಎರಡು. ಒಂದನ್ನು ಕಾಯಿಸಿ ಇನ್ನೊಂದನ್ನು ಫ್ರಿಜ್ಜಿನಲ್ಲಿಟ್ಟಳು. ಕಾಫಿ ಸೋಸುವಾಗ ನೋಡಿದರೆ ಕಟ್ಟೆಯ ಮೇಲೆ ಒಂದೇ ಲೋಟ ಇಟ್ಟುಕೊಂಡಿದ್ದಳು. ತಪ್ಪಿಯಾದರೂ ಎರಡು ಇಡಬಹುದಿತ್ತು. ಕೈ ಇಷ್ಟು ಬೇಗ ಕಲಿತುಬಿಟ್ಟದ್ದು ನೋಡಿ ಅಸಹ್ಯವಾಯಿತು.

ಕಾಫಿ ಅರ್ಧಕ್ಕೆ ಬಂದಾಗ ಫೋನು ನಡುಗಿತು. ಸ್ಕೂಟರ್ ಸಾಲದ ಕಂತು, ಮೂರು ಸಾವಿರದ ನೂರ ನಲವತ್ತು, ಇಂದು ಕೊನೆಯ ದಿನ. ಶುಕ್ರವಾರ, ನಾಳೆ ಕಟ್ಟಿದರಾಯಿತು ಅಂದುಕೊಂಡು ಫೋನು ಕವುಚಿ ಇಟ್ಟಳು. ಇಟ್ಟ ಮೇಲೆ ಅಂದುಕೊಂಡದ್ದು ಕಿವಿಗೆ ಕೇಳಿಸಿತು. ಎಂಟು ತಿಂಗಳಿಂದ ಈ ಸಂದೇಶ ಬಂದಿರಲಿಲ್ಲ. ಸಂಬಳ ಬಂದ ಮಾರನೆಯ ದಿನವೇ ಭಾರ್ಗವ ಎಲ್ಲ ಕಟ್ಟಿಬಿಡುತ್ತಿದ್ದ, ಅವನ ಹೆಸರಿನದು, ಅವಳ ಹೆಸರಿನದು, ಕರೆಂಟು, ನೀರು. ಈ ಸಲ ಸಂಬಳದ ಮಾರನೆಯ ದಿನ ಅವನಿರಲಿಲ್ಲ. ಒಂದನೇ ತಾರೀಖು ಬನಶಂಕರಿಯ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ಯಂತ್ರ ರಿಪೇರಿ ಮಾಡುತ್ತಿದ್ದವನು ಅದರ ಪಕ್ಕದಲ್ಲೇ ಕೂತು, ನೀರು ಕೇಳಿ, ನೀರು ಬರುವುದರೊಳಗೆ ಹೋಗಿದ್ದ. ಮೂವತ್ತೇಳು ವರ್ಷ. ಎದುರಿಗೇ ಡಾಕ್ಟರ್ ಇದ್ದರಂತೆ. ಅದನ್ನು ಬಂದವರೆಲ್ಲ ಒಂದು ಸಮಾಧಾನವೆಂಬಂತೆ ಹೇಳಿಹೋಗಿದ್ದರು.

ಹನುಮಂತನಗರದ ಮನೆಯಲ್ಲಿ ಮಂಗಳವಾರ ಶುಕ್ರವಾರ ದುಡ್ಡು ಹೊಸ್ತಿಲು ದಾಟುತ್ತಿರಲಿಲ್ಲ. ಪೇಪರಿನವನಿಗೆ, ಇಸ್ತ್ರಿಯವನಿಗೆ ಗೊತ್ತಿತ್ತು, ಆ ದಿನಗಳಲ್ಲಿ ಅವರು ಗೇಟಿನ ಹತ್ತಿರವೂ ಬರುತ್ತಿರಲಿಲ್ಲ. ಅಮ್ಮ ಚೂಡಾಮಣಿ ಅದನ್ನು ಯಾರಿಗೂ ಕಲಿಸಲಿಲ್ಲ. ಹಲ್ಲುಜ್ಜುವುದು ಬಂದ ಹಾಗೆ ಬಂತು. ಶರ್ವಾಣಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಖಾಸಗಿ ಕಾಲೇಜಿನ ಹುಡುಗರಿಗೆ ಸಂಭವನೀಯತೆ ಪಾಠ ಮಾಡುವವಳು. ದಾಳಕ್ಕೆ ಹಿಂದಿನ ಆಟ ನೆನಪಿರುವುದಿಲ್ಲ, ವಾರಕ್ಕೆ ಗುಣವಿಲ್ಲ ಎಂದು ಬೋರ್ಡಿನ ಮೇಲೆ ಬರೆದು ತೋರಿಸುವವಳು. ಆದರೂ ಸ್ಕೂಟರಿನ ಸಾಲ ತೆಗೆದುಕೊಂಡಾಗ, ಕಂತು ತಾನಾಗಿ ಖಾತೆಯಿಂದ ಹೋಗುವ ಕಾಗದಕ್ಕೆ ಸಹಿ ಹಾಕಲಿಲ್ಲ. "ಬ್ಯಾಂಕಿನವ್ರು ವಾರ ನೋಡ್ತಾರಾ? ಶುಕ್ರವಾರಾನೇ ಎತ್ಕೊಂಡ್ರೆ?" ಅಂದಿದ್ದಳು. ಭಾರ್ಗವ ಬಿದ್ದು ಬಿದ್ದು ನಕ್ಕಿದ್ದ. "ಲಕ್ಷ್ಮಿ ಸರ್ವರಿಂದ ಎದ್ದು ಹೋಗ್ತಾಳೇನೇ?"

"ನಗು. ನಂಬಿಕೆ ಅಲ್ಲ ಇದು, ಅಭ್ಯಾಸ."

"ಸರಿ ಮೇಡಂ, ನೀವು ಪ್ರೊಫೆಸರು. ನಾನು ಬರೀ ಸ್ಕ್ರೂ ಬಿಚ್ಚೋನು."

ಹಾಗೆ ಕಂತು ಅವಳ ಕೈಗೆ ಬಂತು. ಹದಿನಾಲ್ಕನೇ ತಾರೀಖು ಶುಕ್ರವಾರವಾದರೆ ಶನಿವಾರ ಕಟ್ಟುವುದು, ಮಂಗಳವಾರವಾದರೆ ಬುಧವಾರ. ಒಂದು ದಿನದ ದಂಡ ಐವತ್ತೋ ನೂರೋ, ಅದು ಮನಸ್ಸಿಗೆ ತಾಕುತ್ತಿರಲಿಲ್ಲ. ಕೆಲವು ಸಲ ಶನಿವಾರ ಮರೆಯುತ್ತಿತ್ತು, ಭಾನುವಾರ ಬಟ್ಟೆ ಒಗೆಯುವ ದಿನ, ಸೋಮವಾರ ನೆನಪಾಗುತ್ತಿತ್ತು. ಎರಡು ಸಲ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗುತ್ತಿದ್ದ ತಿಂಗಳಲ್ಲಿ ಪೂರ್ತಿ ಮರೆತು, ಮುಂದಿನ ತಿಂಗಳ ಕಂತಿನ ಜೊತೆ ಸೇರಿಸಿ ಕಟ್ಟಿದ್ದಳು. ಕ್ರೆಡಿಟ್ ಕಾರ್ಡಿನದೂ ಅದೇ ಕಥೆ. ದುಡ್ಡು ಯಾವತ್ತೂ ಖಾತೆಯಲ್ಲಿತ್ತು. ಇಲ್ಲದಿದ್ದರೆ ಹೇಳಲು ಒಂದು ಕಾರಣವಾದರೂ ಇರುತ್ತಿತ್ತು.

ಈ ವರ್ಷದ ಮಾರ್ಚಿನಲ್ಲಿ ಇಬ್ಬರೂ ಜಯನಗರದ ಬ್ಯಾಂಕಿಗೆ ಹೋದರು. ಬಿಳೇಕಹಳ್ಳಿಯ ಈ ಮನೆ ಭೋಗ್ಯದ್ದು. ಮನೆಯ ಮಾಲೀಕ ಚಿಕ್ಕಬೈರಪ್ಪನಿಗೆ ಹನ್ನೆರಡು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಮೂರು ವರ್ಷ ಇರುವುದು, ಬಿಡುವಾಗ ಅಷ್ಟೂ ದುಡ್ಡು ವಾಪಸ್ಸು. ಸಂಕ್ರಾಂತಿಗೆ ವಾಯಿದೆ ಮುಗಿಯುತ್ತದೆ. ಆ ಹನ್ನೆರಡು ಲಕ್ಷವನ್ನು ಮುಂಗಡವಾಗಿ ಕೊಟ್ಟು, ಉಳಿದದ್ದಕ್ಕೆ ಇಬ್ಬರ ಸಂಬಳದ ಮೇಲೆ ಸಾಲ ತೆಗೆದು, ಜೆ.ಪಿ. ನಗರ ಎಂಟನೇ ಹಂತದ ಎರಡು ಕೋಣೆಯ ಫ್ಲ್ಯಾಟು ಕೊಳ್ಳುವುದು ಅವನ ಯೋಜನೆ. ಅಡುಗೆಮನೆಯ ಕಿಟಕಿ ಪೂರ್ವಕ್ಕಿತ್ತು. ಅವನು ಆ ಕಿಟಕಿಯ ಫೋಟೋ ಮಾತ್ರ ತೆಗೆದುಕೊಂಡು ಬಂದಿದ್ದ, ಫ್ಲ್ಯಾಟಿನದಲ್ಲ. ಬ್ಯಾಂಕಿನಲ್ಲಿ ತೇಜಸ್ವಿನಿ ಎಂಬ ಹುಡುಗಿ, ಶರ್ವಾಣಿಯ ವಿದ್ಯಾರ್ಥಿನಿಯರಿಗಿಂತ ಮೂರು ನಾಲ್ಕು ವರ್ಷ ದೊಡ್ಡವಳು, ಯಾವುದೋ ಕಾರ್ಡಿನ ಜೆರಾಕ್ಸ್ ಬೇಕೆಂದಳು. ಭಾರ್ಗವ ಎದ್ದು ಹೊರಗೆ ಹೋದ. ಹುಡುಗಿ ಕಂಪ್ಯೂಟರಿನ ಪರದೆಯನ್ನು ಅರ್ಧ ತಿರುಗಿಸಿದಳು.

"ಮೇಡಂ, ಸಾರ್‌ದು ಕ್ರೆಡಿಟ್ ಸ್ಕೋರ್ ಏಳ್ನೂರ ಎಪ್ಪತ್ತಿದೆ, ಸಖತ್ತಾಗಿದೆ. ನಿಮ್ಮದು ಆರ್ನೂರ ಮೂವತ್ತೆಂಟು. ಇಲ್ನೋಡಿ."

ಸಣ್ಣ ಸಣ್ಣ ಚೌಕಗಳು, ತಿಂಗಳಿಗೊಂದು, ಮೂವತ್ತಾರು. ಹಸಿರಿನ ನಡುವೆ ಕೆಂಪು. ಚೌಕದೊಳಗೆ ಎಷ್ಟು ದಿನ ತಡವೆಂದು ಅಂಕಿ: ಒಂದು, ಮೂರು, ಒಂದು, ಮೂವತ್ತಮೂರು. ಹುಡುಗರ ಹಾಜರಿ ಪುಸ್ತಕದಲ್ಲಿ ತಾನು ಹಾಕುವ ಗುರುತುಗಳ ಹಾಗೆ.

"ಜಾಯಿಂಟ್ ಲೋನಲ್ಲಿ ಇಬ್ಬರದೂ ನೋಡ್ತಾರೆ ಮೇಡಂ. ನಿಮ್ಮ ಹೆಸರು ತೆಗೆದ್ರೆ ಸಾರ್ ಸಂಬಳಕ್ಕೆ ಇಷ್ಟು ಸಾಲ ಬರಲ್ಲ. ಇಟ್ರೆ ಸ್ಕೋರಲ್ಲಿ ಹೊಡೆಯತ್ತೆ. ಆಗ ದುಡ್ಡಿಗೆ ಕಷ್ಟ ಇತ್ತಾ?"

"ಇಲ್ಲ."

"ಮತ್ತೆ ಯಾಕೆ ಮೇಡಂ?"

ಅದಕ್ಕೆ ಹೇಳುವ ಉತ್ತರ ಅವಳ ಬಾಯಲ್ಲಿತ್ತು, ಒಂದೇ ಪದ, ವಾರದ ಹೆಸರು. ಆ ಹುಡುಗಿಯ ಮುಂದೆ, ಆ ಬೆಳಕಿನಲ್ಲಿ, ಅದನ್ನು ಹೇಳುವುದಕ್ಕಿಂತ ದುಡ್ಡಿರಲಿಲ್ಲ ಎಂದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಭಾರ್ಗವ ಬೆವರಿಕೊಂಡು ಬಂದ, ಜೆರಾಕ್ಸ್ ಬೆಚ್ಚಗಿತ್ತು. ಏನಂದ್ರು ಎಂದು ಹುಬ್ಬಿನಲ್ಲೇ ಕೇಳಿದ. "ಇಬ್ಬರದೂ ಸ್ವಲ್ಪ ಕಡಿಮೆ ಇದೆಯಂತೆ" ಎಂದಳು ಶರ್ವಾಣಿ. ತೇಜಸ್ವಿನಿ ಅವಳನ್ನು ಒಮ್ಮೆ ನೋಡಿದಳು. ಆಮೇಲೆ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಆ ತಿರುಗಿಸಿಕೊಂಡ ರೀತಿಯಲ್ಲಿ ಕರುಣೆಯಿತ್ತು. ಎಂಟು ತಿಂಗಳಾದರೂ ಶರ್ವಾಣಿ ಆ ಕರುಣೆಯನ್ನು ಕ್ಷಮಿಸಿರಲಿಲ್ಲ.

ಯುಗಾದಿಯ ಹಿಂದಿನ ಸಂಜೆ ತಾರಸಿಯ ಮೇಲೆ ಅವನು ಮಾವಿನೆಲೆ ತೋರಣ ಕಟ್ಟುತ್ತ ಕೂತಿದ್ದ. ಅವಳು ಒಣಗಿದ ಬಟ್ಟೆ ಎತ್ತುತ್ತಿದ್ದಳು. ತಲೆಯೆತ್ತದೆ ಅವನೆಂದ, "ಐದು ವರ್ಷದ ಹಿಂದೆ ನಾನು ಕೆಲಸ ಬಿಟ್ಟಿದ್ನಲ್ಲ, ಆಗ ಎರಡು ತಿಂಗಳು ಕಾರ್ಡ್ ಕಟ್ಟಿರ್ಲಿಲ್ಲ. ಅದೇ ಈಗ ಹೊಡೀತು ಅನ್ಸತ್ತೆ ಶರು. ನನ್ನಿಂದ ಆಯ್ತು. ಬೇಜಾರು ಮಾಡ್ಕೋಬೇಡ. ಕ್ಷಮಿಸಿಬಿಡು." ಅವಳ ಕೈಯಲ್ಲಿ ಅವನ ಕಂಪನಿಯ ನೀಲಿ ಅಂಗಿ ಇತ್ತು, ಬಿಸಿಲಿಗೆ ಗರಿಗರಿಯಾಗಿದ್ದದ್ದು. ಆಗ ಹೇಳಬಹುದಿತ್ತು. ಹೇಳಲು ಬೇಕಾಗಿದ್ದದ್ದು ಒಂದು ಉಸಿರು. "ಹೋಗ್ಲಿ ಬಿಡು" ಎಂದಳು. ಅವನನ್ನು ಕ್ಷಮಿಸಿದಳು. ಅಷ್ಟಕ್ಕೇ ಬಿಡಲೂ ಇಲ್ಲ. ಜೂನಿನಲ್ಲಿ ಅವನು ಹೊಸ ಶೂ ತಂದಾಗ, "ನೀನು ಆಗ ಸರಿಯಾಗಿ ಕಟ್ಟಿದ್ರೆ ಇಷ್ಟೊತ್ತಿಗೆ ನಮ್ಮನೇಲಿ ಇರ್ತಿದ್ವಿ" ಎಂದಿದ್ದಳು. ದಸರೆಯಲ್ಲಿ ಅವನ ಅಣ್ಣನ ಎದುರು ಇನ್ನೊಮ್ಮೆ, ನಗುತ್ತ. ಎರಡು ಸಲ. ಅವನು ಎರಡೂ ಸಲ ಹೌದೆಂದು ತಲೆಯಾಡಿಸಿದ್ದ. ಈ ಹದಿಮೂರು ದಿನ ಮಂತ್ರ ಹೇಳುತ್ತಿದ್ದಾಗ, ಹೆಂಗಸರು ಬಂದು ಕೈ ಹಿಡಿದು ಅಳುತ್ತಿದ್ದಾಗ, ಅವಳೊಳಗೆ ಇದ್ದದ್ದು ಅಳುವಲ್ಲ, ಒಂದು ಪ್ರಶ್ನೆ. ಅವನಿಗೆ ಗೊತ್ತಿತ್ತೆ? ಗೊತ್ತಿಲ್ಲದೆ ಹೋದನೆಂದರೆ ಅವಳು ಮೋಸಗಾರ್ತಿ. ಅದನ್ನು ಹೊತ್ತುಕೊಂಡು ಬದುಕಬಹುದು, ಜನ ಬದುಕುತ್ತಾರೆ. ಗೊತ್ತಿದ್ದೂ ತಲೆಯಾಡಿಸಿದ್ದನೆಂದರೆ ಏನು ಎಂಬುದನ್ನು ಅವಳು ಯೋಚಿಸಿರಲಿಲ್ಲ.

ಹತ್ತು ಗಂಟೆಗೆ ಕೆಳಗಿನ ಮನೆಯ ಬಿಂದುಶ್ರೀ ಮೇಲೆ ಬಂದಳು. ಚಿಕ್ಕಬೈರಪ್ಪನ ಮಗಳು, ಬಿ.ಕಾಂ. ಕೊನೆಯ ವರ್ಷ. ಹೊಸ್ತಿಲ ಆಚೆಯೇ ನಿಂತು ಚಪ್ಪಲಿಯ ತುದಿಯಿಂದ ನೆಲ ಕೆರೆದಳು.

"ತಿಂಡಿ ಆಯ್ತಾ ಅಕ್ಕ?"

"ಆಯ್ತು. ಒಳಗೆ ಬಾ."

"ಇಲ್ಲ ಅಕ್ಕ... ಅರ್ಜೆಂಟ್ ಏನಿಲ್ಲ. ನಮ್ಮಣ್ಣನ ಹೊಸಮನೆ ಗೃಹಪ್ರವೇಶ ಭಾನುವಾರ. ಅಜ್ಜಿದು ಹಾಲುಕ್ಕಿಸೋ ಪಾತ್ರೆ ಬೇಕಿತ್ತು. ಹಿತ್ತಾಳೇದು. ಸಾರ್ ಇಸ್ಕೊಂಡಿದ್ರು."

"ಯಾರು?"

"ಸಾರ್. ನಮ್ಮನೆಯವ್ರೆಲ್ಲ ಯಾರೇ ಹೊಸಮನೆ ಮಾಡಿದ್ರೂ ಅದ್ರಲ್ಲೇ ಉಕ್ಸೋದು. ಸಾರ್ ಅಜ್ಜಿ ಹತ್ರ ಕೇಳಿ ಇಸ್ಕೊಂಡ್ರು. ನಿಮ್ಗೆ ಗೊತ್ತಿಲ್ವಾ?"

ಗೊತ್ತಿಲ್ಲವೆನ್ನುವುದು ನಾಚಿಕೆಯೆನಿಸಿ ಶರ್ವಾಣಿ, "ಹುಡುಕಿ ತಂದುಕೊಡ್ತೀನಿ" ಎಂದಳು. ಬಿಂದುಶ್ರೀ ಹೋಗಲಿಲ್ಲ. "ಬೇಡ ಅಕ್ಕ, ನೀವು ಯಾಕೆ ಸುಮ್ನೆ. ಎಲ್ಲಿದೆ ಅಂತ ಹೇಳಿ, ನಾನೇ ತಗೋತೀನಿ. ಅಮ್ಮ ಹಂಗೇ ಹೇಳಿದ್ರು" ಎಂದವಳು ಆ ಕೊನೆಯ ಮಾತನ್ನು ಅಲ್ಲಿಯೇ ನುಂಗಲು ನೋಡಿದಳು. ಸಿಕ್ಕ ಮೇಲೆ ಕರೀತೀನಿ ಎಂದು ಅವಳನ್ನು ಕಳಿಸಿ, ಬಾಗಿಲು ಹಾಕಿಕೊಂಡು ಎರಡು ಹೆಜ್ಜೆ ಒಳಗೆ ಬಂದ ಮೇಲೆ ಶರ್ವಾಣಿಗೆ ಅರ್ಥವಾಯಿತು. ಪಾತ್ರೆಯನ್ನು ಅವಳು ಮುಟ್ಟಬಾರದು. ಕೋಪ ಬರಬೇಕಿತ್ತು. ತರಗತಿಯಲ್ಲಾದರೆ ಬರುತ್ತಿತ್ತು. ಆದರೆ ಶುಕ್ರವಾರಕ್ಕೆ ಹೆದರುವವಳಿಗೆ ಇನ್ನೊಬ್ಬರ ಹೆದರಿಕೆಯ ಮೇಲೆ ಕೋಪಿಸಿಕೊಳ್ಳುವ ಹಕ್ಕು ಎಲ್ಲಿಂದ ಬರಬೇಕು. ಅವಳು ತಾನು ಹೋದಲ್ಲೆಲ್ಲ ಕೈ ಒದ್ದೆಯಿರುವವಳ ಹಾಗೆ ಕೈ ದೂರ ಹಿಡಿದುಕೊಂಡು ಸ್ವಲ್ಪ ಹೊತ್ತು ಮನೆಯೊಳಗೆ ಓಡಾಡಿದಳು.

ಅಡುಗೆಮನೆಯ ಕಪಾಟಿನಲ್ಲಿ ಇರಲಿಲ್ಲ, ಮಂಚದ ಕೆಳಗೆ ಇರಲಿಲ್ಲ. ಮಂಚದ ಕೆಳಗೆ ಅವನ ಟೂಲ್ ಬಾಕ್ಸು ಇತ್ತು, ನರ್ಸಿಂಗ್ ಹೋಮಿನವರು ಕಳಿಸಿಕೊಟ್ಟದ್ದು. ಯಾರೋ ಅದರ ಮೇಲೆ ಅವನ ಊಟದ ಡಬ್ಬಿ ಇಟ್ಟಿದ್ದರು. ಡಬ್ಬಿಯನ್ನು ಯಾರೋ ತೊಳೆದಿದ್ದರು. ಅವನು ಅಂದು ಊಟ ಮಾಡಿದ್ದನೋ ಇಲ್ಲವೋ ಇನ್ನು ತಿಳಿಯುವಂತಿಲ್ಲ. ಫೋನು ಬಂತು. ಹೆಸರಿಲ್ಲದ ನಂಬರು, ಹಿಂದೆ ರಸ್ತೆಯ ಸದ್ದು.

"ನಮಸ್ಕಾರ ಮೇಡಂ, ನಾನು ಮನು, ಲೋನ್ ಏಜೆಂಟು. ಸಾರ್ ಫೋನ್ ಸ್ವಿಚಾಫ್ ಬರ್ತಿದೆ ಎರಡು ವಾರದಿಂದ. ಅದ್ಕೆ ನಿಮ್ಗೇ ಮಾಡ್ದೆ. ಗುಡ್ ನ್ಯೂಸ್ ಮೇಡಂ. ಏಳ್ನೂರ ಹನ್ನೆರಡಾಗಿದೆ."

"ಯಾವುದು?"

"ಸ್ಕೋರ್ ಮೇಡಂ, ನಿಮ್ದು. ಸಾರ್ ಬಿಡ್ಬೇಕಲ್ಲ, ತಿಂಗಳು ತಿಂಗಳು ಫೋನು, ಮೇಡಂದು ಎಷ್ಟಾಯ್ತು ಮನು, ಮೇಡಂದು ಎಷ್ಟಾಯ್ತು. ಏಳ್ನೂರು ದಾಟ್ಲಿ ಸಾರ್, ನಾನೇ ಫೈಲ್ ಹಾಕಿಸ್ತೀನಿ ಅಂದಿದ್ದೆ."

ಶರ್ವಾಣಿ ಮಂಚದ ಮೇಲೆ ಕೂತಳು. "ಅವರದು?"

"ಸಾರ್‌ದೇನಿದೆ, ಮೊದ್ಲಿಂದ್ಲೂ ಕ್ಲೀನು. ನಿಮ್ದೊಂದೇ ಪ್ರಾಬ್ಲಮ್ ಇದ್ದದ್ದು. ಫಸ್ಟ್ ದಿನಾನೇ ರಿಪೋರ್ಟ್ ಪ್ರಿಂಟ್ ತಗೊಂಡು ಬಂದಿದ್ರಲ್ಲ, ಪೆನ್ಸಿಲಲ್ಲಿ ಏನೇನೋ ಬರ್ಕೊಂಡು."

"ಯಾವಾಗ ಬಂದಿದ್ದರು? ಯಾವ ತಿಂಗಳು?"

"ಅದೆಲ್ಲಿ ನೆನಪಿರತ್ತೆ ಮೇಡಂ. ಒಂದ್ಸಲ ಸಾರ್‌ಗೆ ಫೋನ್ ಕೊಡಿ."

"ಅವರು ತೀರಿಕೊಂಡರು."

ಬಸ್ಸೊಂದು ಹಾರನ್ ಹೊಡೆದುಕೊಂಡು ಮನುವಿನ ಫೋನಿನೊಳಗೆ ದಾಟಿಹೋಯಿತು. "ಅಯ್ಯೋ. ಸಾರಿ ಮೇಡಂ. ಗೊತ್ತಾಗ್ಲಿಲ್ಲ" ಎಂದ. ಆಮೇಲೆ ಏನಾದರೂ ಕೆಲಸಕ್ಕೆ ಬರುವಂಥದು ಹೇಳಬೇಕೆನಿಸಿರಬೇಕು. "ಈಗ ಒಂದೇ ಸಂಬಳ ಅಂದ್ರೆ ಕಷ್ಟ ಆಗತ್ತೆ ಮೇಡಂ. ಜೊತೆಗೆ ಸಹಿ ಹಾಕೋರು ಯಾರಾದ್ರೂ ಇದ್ರೆ... ಇರ್ಲಿ, ಈಗ್ಲೇ ಏನಲ್ಲ. ಸ್ಕೋರ್ ಮಾತ್ರ ಹಿಂಗೇ ಇಟ್ಕೊಳ್ಳಿ. ಒಂದೂ ಮಿಸ್ ಮಾಡ್ಬೇಡಿ." ಅವಳು ಆಗಲಿ ಎಂದಳು. ಥ್ಯಾಂಕ್ಸ್ ಎಂದೂ ಹೇಳಿದಳು.

ಏಳುನೂರ ಹನ್ನೆರಡು. ಬ್ಯಾಂಕಿನವಳು ಒಡ್ಡಿದ್ದ ಪರೀಕ್ಷೆಯಲ್ಲಿ ಶರ್ವಾಣಿ ಪಾಸಾಗಿದ್ದಳು, ಬರೆದವನು ಬೇರೆ. ಸಂಬಳ ಬಂದ ಮಾರನೆಯ ದಿನ ಫೋನು ಹಿಡಿದು ಕೂತು, "ಕಟ್ಬಿಟ್ಟೆ, ನೀನು ತಲೆ ಕೆಡಿಸ್ಕೋಬೇಡ" ಎನ್ನುತ್ತಿದ್ದವನನ್ನು ಕಂಡು, ತನ್ನ ತಪ್ಪಿಗೆ ತಾನು ದಂಡ ತೆರುತ್ತಿದ್ದಾನೆಂದು ಅವಳು ಅಂದುಕೊಂಡಿದ್ದಳು. ಅಂದುಕೊಂಡಿದ್ದಳೆ? ಅವಳಿಗೆ ತಪ್ಪು ಯಾರದೆಂದು ಗೊತ್ತಿತ್ತಲ್ಲ. ಗೊತ್ತಿದ್ದೂ ಅವನು ದಂಡ ತೆರುವುದನ್ನು ನೋಡುತ್ತ ಅನ್ನ ಬಸಿಯುತ್ತಿದ್ದಳು. ಎಷ್ಟೋ ದಿನ ಹಾಗೆ ನೋಡಿ ನೋಡಿ ತಪ್ಪು ನಿಜಕ್ಕೂ ಅವನದಾಗಿಬಿಟ್ಟಿತ್ತು. ಅಂಥ ಒಂದು ಸಂಜೆಯಲ್ಲೇ ಅಲ್ಲವೆ ಶೂ ವಿಷಯ ಎತ್ತಿದ್ದು. ಮತ್ತೆ ಪ್ರಿಂಟು? ಅದು ಅವಳ ಹೆಸರಿನದು, ಅವಳ ಫೋನಿಗೆ ಬರುವ ನಂಬರು ಹಾಕದೆ ಸಿಗುವುದಿಲ್ಲ. ನೆನಪಾಯಿತು. ಉತ್ತರ ಪತ್ರಿಕೆಗಳ ಕಟ್ಟು ಮುಂದಿಟ್ಟುಕೊಂಡು ಕೂತಿದ್ದಾಗ ಕೋಣೆಯಿಂದ, "ಶರು, ಒಂದು ಓಟಿಪಿ ಬಂದಿರತ್ತೆ, ಹೇಳು" ಎಂದಿದ್ದ. ಕೆಂಪು ಪೆನ್ನು ಎತ್ತದೆ ಆರು ಅಂಕಿ ಓದಿ ಹೇಳಿದ್ದಳು. ಯಾತಕ್ಕೆಂದು ಕೇಳಿರಲಿಲ್ಲ. ಆದರೆ ಯಾವಾಗ? ತಾರಸಿಯ ಸಂಜೆಗೆ ಮುಂಚೆಯೋ ಆಮೇಲೆಯೋ? ಆಮೇಲೆ ಎಂದಾದರೆ, ಕ್ಷಮೆ ಕೇಳಿದಾಗ ಅವನಿಗೆ ಗೊತ್ತಿರಲಿಲ್ಲ ಎಂದಾಗುತ್ತದೆ. ಅಷ್ಟಾದರೂ ಉಳಿಯುತ್ತದೆ.

ಅಮ್ಮ ಆಸ್ಪತ್ರೆಯಿಂದ ಫೋನು ಮಾಡಿದಳು. ಅಪ್ಪನಿಗೆ ಸೂಜಿ ಚುಚ್ಚಿ ಆಗಿದೆ, ನಾಲ್ಕು ಗಂಟೆ ಹಿಡಿಯುತ್ತದೆ, ಊಟ ಮಾಡಿದೆಯಾ. ಪಾತ್ರೆಯ ವಿಷಯ ಹೇಳಿದಾಗ ಚೂಡಾಮಣಿಯ ದನಿ ಗಟ್ಟಿಯಾಯಿತು.

"ಇವತ್ತು ಶುಕ್ರವಾರ ಕಣೇ. ಮನೆಯಿಂದ ಏನೂ ಆಚೆ ಕೊಡಬೇಡ. ಅದೂ ಹಿತ್ತಾಳೆ. ನಾಳೆ ನಾನು ಬಂದು ಕೊಡ್ತೀನಿ."

"ಅದು ಅವರದೇ ಪಾತ್ರೆ ಅಮ್ಮ."

"ಯಾರದಾದರೇನು, ನಿನ್ನ ಮನೇಲಿದೆಯಲ್ಲ. ಇನ್ನೇನು ಉಳಿದಿದೆ ಹೋಗಕ್ಕೆ ಅನ್ಬೇಡ. ಕೇಳು ನನ್ ಮಾತು."

ಹಾಗೆ ಅನ್ನಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅಮ್ಮನಿಗೇ ಹೊಳೆದಿತ್ತು.

ಪಾತ್ರೆ ಸಜ್ಜದ ಮೇಲಿತ್ತು, ಮಿಕ್ಸಿಯ ಖಾಲಿ ಡಬ್ಬದೊಳಗೆ. ಅವನ ಹಳೆಯ ನೀಲಿ ಅಂಗಿಯಲ್ಲಿ ಸುತ್ತಿದ್ದ. ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತು ಬಿಚ್ಚಿದಳು. ಎರಡು ಸೇರು ಹಿಡಿಯುವ ಪಾತ್ರೆ, ಕಂಠದ ಹತ್ತಿರ ಹಳೆಯ ಅಕ್ಷರಗಳಲ್ಲಿ ಯಾರದೋ ಹೆಸರು ಕೊರೆದು ಸವೆದಿತ್ತು. ಒಳಗೆ ಹೊಸ ಕಲಾಯಿ ಬೆಳ್ಳಗೆ ಹೊಳೆಯುತ್ತಿತ್ತು. ಈ ಊರಿನಲ್ಲಿ ಈಗ ಕಲಾಯಿ ಹಾಕುವವರನ್ನು ಅವನು ಎಲ್ಲಿ ಹುಡುಕಿದನೋ. ಮೇಲೆ ಮುಚ್ಚಿದ್ದ ತಟ್ಟೆ ಅಲ್ಲಾಡಬಾರದೆಂದು ನಾಲ್ಕು ಮಡಿಕೆ ಮಾಡಿದ ಹಾಳೆಗಳನ್ನು ಒಳಗೆ ತುರುಕಿದ್ದ. ಬಿಡಿಸುವ ಮೊದಲೇ ಕೆಂಪು ಹಸಿರು ಕಾಣಿಸಿತು. ಮೇಲೆ ಅವಳ ಹೆಸರು, ಕೆಳಗೆ ತಾರೀಖು. ಮಾರ್ಚ್ ಇಪ್ಪತ್ತೇಳು. ಫೋನಿನಲ್ಲಿ ಪಂಚಾಂಗ ತೆಗೆದು ನೋಡಿದಳು. ನೋಡಬೇಕಾಗಿರಲಿಲ್ಲ, ಆದರೂ ನೋಡಿದಳು. ಯುಗಾದಿ ಮೂವತ್ತು. ತಾರಸಿಯ ಸಂಜೆ ಇಪ್ಪತ್ತೊಂಬತ್ತು.

ಪ್ರತಿಯೊಂದು ಕೆಂಪು ಚೌಕದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಅವನು ವಾರ ಬರೆದಿದ್ದ. ಶುಕ್ರ. ಶುಕ್ರ. ಮಂಗಳ. ಶುಕ್ರ. ಅವನು ಅಕ್ಷರ ಬರೆಯುತ್ತಿದ್ದದ್ದು ಯಂತ್ರದ ಮೇಲೆ ಚೀಟಿ ಅಂಟಿಸುವವನ ಹಾಗೆ, ಬಿಡಿಬಿಡಿಯಾಗಿ, ಯಾರಿಗೂ ತಪ್ಪು ಓದಲಾಗದಂತೆ. ಮೂವತ್ತಮೂರು, ಮೂವತ್ತೊಂದು ಎಂಬ ಎರಡು ಚೌಕಗಳ ಪಕ್ಕ ವಾರವಿರಲಿಲ್ಲ. ಅಲ್ಲಿ 'ಮೌಲ್ಯಮಾಪನ' ಎಂದಿತ್ತು. ರಜೆ ಚೀಟಿಯಲ್ಲಿ ಕಾರಣ ತುಂಬುವಂತೆ, ಅವಳ ಪರವಾಗಿ, ಯಾರೂ ಕೇಳದಿದ್ದ ಕಾರಣವನ್ನು ತುಂಬಿದ್ದ. ಕೊನೆಯ ಪುಟದಲ್ಲಿ ಯಾವ ಚೌಕ ಯಾವ ವರ್ಷ ಅಳಿಸಿಹೋಗುತ್ತದೆಂಬ ಲೆಕ್ಕ, ಅವಳಿಗೆ ಮೂವತ್ತಾರು ತುಂಬುವ ವರ್ಷದವರೆಗೂ. ಬೇರೆ ಏನೂ ಬರೆದಿರಲಿಲ್ಲ. ಹಾಳೆಗಳನ್ನು ತಿರುವಿ ಹಿಂಬದಿಯನ್ನೂ ನೋಡಿದಳು. ಬೈಗುಳ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಅಂದರೆ ಎರಡು ದಿನ ಮುಂಚೆ ಎಲ್ಲ ತಿಳಿದುಕೊಂಡು, ಅವಳು ಹೇಳುತ್ತಾಳೆಂದು ಎರಡು ದಿನ ಕಾದು, ಹೇಳಲಿಲ್ಲವಾದ್ದರಿಂದ ಮಾವಿನೆಲೆ ಕಟ್ಟುತ್ತ ಅವಳ ಪಾಲಿನ ಮಾತನ್ನು ತಾನೇ ಆಡಿ ಮುಗಿಸಿದ್ದ. ಅವಳ ಮುಖ ನೋಡಬೇಕಾಗುತ್ತದೆಂದೇ ತಲೆಯೆತ್ತಿರಲಿಲ್ಲ. ಹೋಗ್ಲಿ ಬಿಡು. ಆ ಮಾತು ಅವನ ಕಿವಿಗೆ ಹೇಗೆ ಬಿದ್ದಿರಬೇಕು. ಶೂ ತಂದ ದಿನ ಹೇಗೆ ಬಿದ್ದಿರಬೇಕು. ಅವನು ಒಮ್ಮೆ ಸಿಟ್ಟಾಗಿದ್ದರೆ, ನೀನು ಸುಳ್ಳಿ ಎಂದು ಅಣ್ಣನೆದುರಿಗೇ ಅಂದಿದ್ದರೆ, ಈಗ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಅಷ್ಟು ಒಳ್ಳೆಯವನಾಗುವುದಕ್ಕೆ ಅವನಿಗೆ ಯಾರು ಹೇಳಿದ್ದರು ಎಂದು ಅವಳಿಗೆ ಸಿಟ್ಟು ಬಂತು. ಹದಿನಾಲ್ಕು ದಿನದಲ್ಲಿ ಬಂದ ಮೊದಲನೆಯ ಭಾವ ಅದು. ಬಂದು ಹೋಯಿತು. ಪಾತ್ರೆ ತೊಡೆಯ ಮೇಲೆ ತಣ್ಣಗಿತ್ತು.

ಕಾರ್ತಿಕದ ಸಂಜೆ ಬೇಗ ಕಪ್ಪಾಯಿತು. ಕೆಳಗೆ ಚಿಕ್ಕಬೈರಪ್ಪನ ಹೆಂಡತಿ ಮೆಟ್ಟಿಲ ಮೇಲೆ, ಗೇಟಿನ ಕಂಬದ ಮೇಲೆ ಹಣತೆ ಇಡುತ್ತಿದ್ದದ್ದು ಕಿಟಕಿಯಿಂದ ಕಾಣಿಸುತ್ತಿತ್ತು. ಶರ್ವಾಣಿ ಫೋನು ತೆಗೆದುಕೊಂಡಳು. ಶುಕ್ರವಾರ, ದೀಪ ಹಚ್ಚಿದ ಹೊತ್ತು, ಮೂರು ಸಾವಿರದ ನೂರ ನಲವತ್ತು. ಹೆಬ್ಬೆರಳು ಒಂದು ಕ್ಷಣ ನಿಂತಿತು, ಅಮ್ಮನ ಬೆರಳೇ ಅದು. ಒತ್ತಿದಳು. ಹಸಿರು ಗುರುತು ಬಂತು, ಟಿಣ್ ಎಂದಿತು. ಏನೂ ಆಗಲಿಲ್ಲ. ಇಷ್ಟೇ ಆಗಿತ್ತು. ಆಮೇಲೆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಒರೆಸಿದಳು. ಇಸ್ಕೊಂಡ ಪಾತ್ರೆಯನ್ನು ಬರಿದಾಗಿ ಕೊಡಬಾರದು. ಅದನ್ನೂ ಯಾರೂ ಕಲಿಸಿರಲಿಲ್ಲ. ಸಕ್ಕರೆ ಡಬ್ಬಿ ನೆಂಟರು ಖಾಲಿ ಮಾಡಿದ್ದರು. ಬೆಲ್ಲವಿರಲಿಲ್ಲ. ಅಕ್ಕಿಯಿತ್ತು, ಅದು ಪಿಂಡಕ್ಕೆ ತೆಗೆದು ಉಳಿದದ್ದು, ಅದನ್ನು ಶುಭದ ಮನೆಗೆ ಕಳಿಸುವಂತಿಲ್ಲ. ಫ್ರಿಜ್ಜಿನಲ್ಲಿ ಇನ್ನೊಂದು ಪ್ಯಾಕೆಟ್ಟು ಹಾಲಿತ್ತು. ಹಾಲುಕ್ಕಿಸುವ ಪಾತ್ರೆಗೆ ಹಾಲಿಗಿಂತ ಇನ್ನೇನು. ಮೂಲೆ ಕತ್ತರಿಸಿ ಸುರಿದಳು. ಕಲಾಯಿಯ ಬಿಳುಪಿನಲ್ಲಿ ಹಾಲು ಎಲ್ಲಿ ಮುಗಿಯುತ್ತದೆ ಪಾತ್ರೆ ಎಲ್ಲಿ ಶುರುವಾಗುತ್ತದೆ ಗೊತ್ತಾಗುತ್ತಿರಲಿಲ್ಲ. ಬಿಂದುಶ್ರೀಯನ್ನು ಕರೆಯದೆ, ತಾನೇ ಎರಡು ಕೈಯಲ್ಲೂ ಹಿಡಿದು ಹೊಸ್ತಿಲು ದಾಟಿ ಮೆಟ್ಟಿಲಿಳಿದಳು.

ಮುನಿವೆಂಕಟಮ್ಮ ಅಂಗಳದ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು. ಚಿಕ್ಕಬೈರಪ್ಪನ ತಾಯಿ, ಈ ಜಾಗ ರಾಗಿಹೊಲವಾಗಿದ್ದಾಗಿನಿಂದ ಇಲ್ಲೇ ಇದ್ದವಳು. ಶರ್ವಾಣಿಯನ್ನು ಕಂಡು ಸೊಸೆ ಹಣತೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಬಿಂದುಶ್ರೀ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಬಾರವ್ವಾ" ಎಂದಳು ಮುದುಕಿ. "ಹೇಳ್ಕಳ್ಸಿದ್ದು ತಪ್ಪಾಯ್ತೇನೋ. ಸಿಕ್ತಾ?"

"ಸಿಕ್ಕಿತು ಅಜ್ಜಿ. ನನಗೆ ಗೊತ್ತಿರಲಿಲ್ಲ ಅವರು ತಗೊಂಡಿದ್ದು."

"ಹೇಳ್ಬ್ಯಾಡಿ ಅಂದಿದ್ನಲ್ಲ ನಿನ್ ಗಂಡ. ಸಾಲ ಸಿಕ್ತದೆ ಅಜ್ಜಿ, ಅವಳ್ಗೆ ಈಗ್ಲೇ ಹೇಳಲ್ಲ, ಬೀಗದ ಕೈ ಕೊಟ್ಟು ಹೇಳ್ತೀನಿ ಅಂದ. ಒಂದು ತಿಂಗ್ಳಲ್ಲಿ ತಂದ್ಕೊಡ್ತೀನಿ ಅಂದ. ಆಯುಧಪೂಜೆ ಮಾರನೇ ದಿನ ಇಸ್ಕೊಂಡಿದ್ದು."

ಶರ್ವಾಣಿ ಎಣಿಸಿದಳು, ಎಣಿಸದಿರಲು ಆಗಲಿಲ್ಲ. ಹನ್ನೆರಡು ದಿನ ತಡ. ಅವನ ಹೆಸರಿನಲ್ಲಿ ಇದೊಂದೇ. "ತಡವಾಯಿತು ಅಜ್ಜಿ" ಎಂದು ಪಾತ್ರೆ ಚಾಚಿದಳು. ಮುದುಕಿ ಎದ್ದು ಎರಡು ಕೈಯಲ್ಲೂ ತೆಗೆದುಕೊಂಡಳು. ಭಾರಕ್ಕೆ ಒಳಗೆ ನೋಡಿದಳು.

"ಏನವ್ವಾ ಇದು, ಹಾಲಾ? ಕಾಸಿದ್ದಾ?"

"ಇಲ್ಲ. ಹಸಿ ಹಾಲು. ಬರಿದೇ ಕೊಡಬಾರದು ಅಂತ."

ಸೊಸೆ ಹಣತೆಯನ್ನು ಕೆಳಗಿಟ್ಟಳು. "ಅತ್ತೆ" ಎಂದಳು, ತಗ್ಗಿದ ದನಿಯಲ್ಲಿ. ಮುದುಕಿ ಅವಳ ಕಡೆ ನೋಡಲಿಲ್ಲ.

"ನಮ್ಮೋರಲ್ಲಿ ಹಸಿ ಹಾಲು, ಹೂತ ಮೂರ್ನೇ ದಿನ ಮಣ್ಣಿಗೆ ಹುಯ್ಯೋದು ಕಣವ್ವಾ" ಎಂದಳು. "ಹಾಲುತುಪ್ಪ ಅಂತೀವಿ. ನಿಮ್ಮೋರು ಸುಟ್ಟುಬಿಡ್ತಾರೆ. ನಿಂಗೆಂಗ್ ಗೊತ್ತಾಗ್ಬೇಕು."

"ಕೊಡಿ ಅಜ್ಜಿ, ತೊಳೆದು ತರ್ತೀನಿ" ಎಂದು ಶರ್ವಾಣಿ ಕೈ ಮುಂದೆ ಮಾಡಿದಳು.

"ತೊಳೆದ್ರೆ ಏನ್ ಬಂತು. ಕೊಟ್ಟಾಯ್ತಲ್ಲ."

"ಹೋಗ್ಲಿ ಬಿಡಿ ಅಕ್ಕ" ಎಂದಳು ಬಾಗಿಲಿನಿಂದ ಬಿಂದುಶ್ರೀ, ನೆಲ ನೋಡುತ್ತ. "ಸ್ಟೀಲಿಂದು ಹೊಸ ಪಾತ್ರೆ ತಂದ್ರಾಯ್ತು, ನಾಳೆ."

ಮುದುಕಿ ಪಾತ್ರೆಯನ್ನು ಮನೆಯೊಳಗೆ ಒಯ್ಯಲಿಲ್ಲ. ನಿಧಾನಕ್ಕೆ ಅಂಗಳ ದಾಟಿ, ಕಾಂಪೌಂಡಿನ ಮೂಲೆಯ ತೆಂಗಿನ ಮರದ ಬುಡಕ್ಕೆ ಹೋಗಿ, ಬಗ್ಗಿ, ಹಾಲನ್ನು ಒಂದೇ ಧಾರೆಯಾಗಿ ಮಣ್ಣಿಗೆ ಹುಯ್ದಳು. ಏನೋ ಗೊಣಗಿದಳು. ಅದರಲ್ಲಿ ಭಾರ್ಗವನ ಹೆಸರಿತ್ತೋ ಇಲ್ಲವೋ ಕೇಳಿಸಲಿಲ್ಲ. ಪಾತ್ರೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕವುಚಿ ಹಾಕಿ, ಸೊಂಟ ಹಿಡಿದುಕೊಂಡು ವಾಪಸ್ಸು ಬಂದು ಕೂತಳು. ಸೊಸೆ ಉಳಿದ ಹಣತೆಗಳನ್ನು ಹಚ್ಚತೊಡಗಿದಳು. ಹಾಲು ತಕ್ಷಣ ಇಂಗಲಿಲ್ಲ. ಗಟ್ಟಿ ನೆಲದ ಮೇಲೆ ಬೆಳ್ಳಗೆ ನಿಂತು, ಬೇರಿನ ಸಂದಿಯಲ್ಲಿ ದಾರಿ ಹುಡುಕುತ್ತಿತ್ತು. ಪಾತ್ರೆ ಹಿಡಿದಿದ್ದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಶರ್ವಾಣಿ ಅದು ಇಂಗುವ ತನಕ ಅಲ್ಲೇ ನಿಂತಿದ್ದಳು. ಪಾತ್ರೆಯನ್ನು ಯಾರೂ ಒಳಗೆ ಒಯ್ಯಲಿಲ್ಲ.